ನೀರು ಕೊಟ್ಟ ಕೈ

ಆ ಸಂಜೆ ಕೇರಂ ಆಟದಲ್ಲಿ ನಾನು ಗೆದ್ದೆ. ಗೆದ್ದ ಖುಷಿ ಬರುವ ಮೊದಲೇ ಹೆದರಿಕೆ ಬಂತು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನನ್ನ ಗಂಡನ ಅಕ್ಕ ದಮಯಂತಿಯವರ ಎದುರು ನಾನು ಒಂದು ಆಟವನ್ನೂ ಗೆದ್ದವಳಲ್ಲ. ನಾನಿರಲಿ, ನಮ್ಮ ಬೀದಿಯಲ್ಲಿ ಯಾರೂ ಗೆದ್ದಿರಲಿಲ್ಲ. ಅತ್ತಿಗೆಯ ತೋರುಬೆರಳು ಸ್ಟ್ರೈಕರನ್ನು ಮುಟ್ಟಿತೆಂದರೆ ಕಾಯಿಗಳು ತಾವಾಗಿಯೇ ಗುಳಿ ಹುಡುಕಿಕೊಂಡು ಹೋಗುತ್ತಿದ್ದವು. ಸಂಜೆಯಾದರೆ ಸಾಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೋರ್ಡಿನ ಮೇಲೆ ಪೌಡರ್ ಉದುರಿಸಿ, "ಬಾರೇ ವಾರಿಜಾ, ಸೋಲೋ ಹೊತ್ತಾಯ್ತು" ಎಂದು ಕೂಗುವರು. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮಿಬ್ಬರ ಸಂಜೆಗಳನ್ನು ಬಿದ್ದುಹೋಗದಂತೆ ಹಿಡಿದಿಟ್ಟಿದ್ದು ಆ ಬೋರ್ಡೇ.

ಅಂದು ಕೆಂಪು ಕಾಯಿ ಗುಳಿಯ ಬಾಯಲ್ಲೇ ನಿಂತಿತ್ತು. ಊದಿದರೆ ಬೀಳುವಂತಿತ್ತು. ಅತ್ತಿಗೆ ಬೆರಳು ಮಡಚಿದರು. ಮಡಚಿದ ಬೆರಳು ಸ್ಟ್ರೈಕರಿನ ಹಿಂದೆ ಗಾಳಿಗೆ ಸಿಕ್ಕ ದೀಪದ ಕುಡಿಯಂತೆ ಅಲುಗಾಡಿತು. ಸ್ಟ್ರೈಕರ್ ಕೆಂಪು ಕಾಯಿಯ ಪಕ್ಕದಿಂದ ಜಾರಿ ಪಟ್ಟಿಗೆ ಬಡಿದು ಅವರ ಬಳಿಗೇ ವಾಪಸು ಬಂತು.

"ಕಣ್ಣಿಗೆ ಪೌಡರ್ ಬಿತ್ತು ಕಣೆ" ಎಂದರು. ಕೈಯನ್ನು ಬೋರ್ಡಿನ ಕೆಳಗೆ ಎಳೆದುಕೊಂಡರು. ಕಣ್ಣುಜ್ಜಲು ಅದನ್ನು ಮೇಲೆತ್ತಲೇ ಇಲ್ಲ. ನಾನು ಹೊಡೆದೆ. ಕೆಂಪು ಬಿತ್ತು. ಅದರ ಹಿಂದೆಯೇ ಉಳಿದದ್ದೂ ಬಿತ್ತು.

ನಮ್ಮ ಊರಿನಲ್ಲಿ ಮಾತ್ರೆಯ ಗುಣ ನುಂಗಿದವರಿಗೆ, ಅದರ ಉಪದ್ರವ ನೀರು ಕೊಟ್ಟವರಿಗೆ. ಹಿಂದಿನಿಂದಲೂ ಹೀಗೇ. ಹೆಣ್ಣು ಕೊಡುವಾಗ ಹುಡುಗನ ಕೆಲಸ ಕೇಳುವ ಮೊದಲು ಮಾವನವರಿಗೆ ಎಷ್ಟು ಬಗೆಯ ಮಾತ್ರೆ ಎಂದು ಕೇಳುತ್ತಾರೆ. ಬೀದಿಯ ಗಂಡಸರೆಲ್ಲ ಬೆಳಗಿನ ಮಾತ್ರೆ ನುಂಗಿ ನಳನಳಿಸುತ್ತ ಹೊರಬಿದ್ದರೆ, ಅವರ ಹೆಂಡತಿಯರು ಜಗಲಿಯ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿರುತ್ತಾರೆ. ಮೂಲೆಮನೆಯ ಚಿನ್ನದಂಗಡಿಯವರು ಹೆಂಡತಿಯ ಮೇಲಿನ ಕನಿಕರದಿಂದ ಲೋಟವನ್ನು ಹಗ್ಗಕ್ಕೆ ಕಟ್ಟಿ ರಾಟೆಯಲ್ಲಿ ಇಳಿಸಿಕೊಳ್ಳಲು ನೋಡಿದರು. ಹಗ್ಗ ಬಿಟ್ಟ ಅಡುಗೆಯವನಿಗೆ ಮೈಯೆಲ್ಲ ತುರಿಕೆ ಬಂತು. ತಾವೇ ಬಗ್ಗಿಸಿಕೊಂಡು ಕುಡಿದರೆ ಉಪದ್ರವ ತಮ್ಮಲ್ಲೇ ಉಳಿಯುತ್ತದೆ. ಆದರೆ ಹಾಗೆ ಕುಡಿಯುವವರು ದಿಕ್ಕಿಲ್ಲದವರು ಮಾತ್ರ. ಅವರಿಗೆ ನಮ್ಮಲ್ಲಿ ಕೈನೀರಿನವರು ಎನ್ನುತ್ತಾರೆ. ಊರಾಚೆ ಅವರಿಗೆಂದೇ ಒಂದು ಮನೆಯಿದೆ. ಸಾಲಾಗಿ ಕೋಣೆಗಳು, ಕೋಣೆಗೊಂದು ಹೂಜಿ, ಹೂಜಿಯ ಮೇಲೆ ಒಂದೇ ಒಂದು ಲೋಟ.

ನನಗೆ ಮೊದಲು ಬಂದದ್ದು ಥೈರಾಯ್ಡ್. ಮಾತ್ರೆ ಶುರುವಾದ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ನನ್ನ ಗಂಡ ಸೂರಿನ ಜಂತಿ ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ಅತ್ತಿಗೆ ಸೌಟು ಕೆಳಗಿಟ್ಟು, ಲೋಟ ತೊಳೆದು, ನೀರು ತುಂಬಿ ನನ್ನ ಮುಂದೆ ಹಿಡಿದರು. "ಅವನು ಕೊಡಲ್ಲ ಬಿಡು. ಒಂದು ಸೀನು ಬಂದ್ರೆ ಊರು ಕೂಡಿಸ್ತಾನೆ. ತಗೋ." ನಾನು ಈ ಮನೆಗೆ ಸೇರಿದವಳಾದದ್ದು ತಾಳಿ ಕಟ್ಟಿಸಿಕೊಂಡ ದಿನವಲ್ಲ, ಆ ದಿನ. ಆಮೇಲೆ ಶುಗರ್ ಬಂತು, ಬಿಪಿ ಬಂತು. ಒಂದೊಂದಕ್ಕೂ ಅತ್ತಿಗೆಯ ಲೋಟ ಬಂತು. ಈ ನಡುವೆ ಅವರ ಮಂಡಿನೋವಿನ ಮಾತ್ರೆಗೆ ನಾನು ನೀರು ಕೊಡುತ್ತ ಬಂದಿದ್ದೆ. ಎದೆ ಉರಿಯುತ್ತಿತ್ತು, ಮಜ್ಜಿಗೆ ಕುಡಿದು ಸುಮ್ಮನಿರುತ್ತಿದ್ದೆ. ಲೋಟದ ಜೊತೆ ಬಂದದ್ದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮಾಡಿದ ಉಪಕಾರವನ್ನು ಎತ್ತಿ ಆಡಿದಂತೆ. ತಡೆಯಲಾರದಷ್ಟಾದರೆ ಸದ್ದಿಲ್ಲದೆ ಸೇತುವೆಯಾಚೆಯ ಡಾಕ್ಟರ ಬಳಿ ಹೋಗಿ ಅದಕ್ಕೊಂದು ಮಾತ್ರೆ ತರುತ್ತಾರೆ. ಮನೆಯಲ್ಲಿ ಅದೇನು ಎಂದು ಕೇಳಿದರೆ ಶಕ್ತಿಗೆ ಎನ್ನುತ್ತಾರೆ, ಇಲ್ಲವೇ ಮೂಳೆಗೆ ಎನ್ನುತ್ತಾರೆ. ನಮ್ಮ ಊರಿನಷ್ಟು ಶಕ್ತಿಯ ಮಾತ್ರೆ ನುಂಗುವ, ನಮ್ಮ ಊರಿನಷ್ಟು ಸುಸ್ತಾದ ಹೆಂಗಸರು ಬೇರೆಲ್ಲಿಯೂ ಇರಲಾರರು.

ನಾನೂ ಹಾಗೇ ಮಾಡಿದ್ದೆ. ಅತ್ತಿಗೆಗೆ ಹೊಸದೊಂದು ಮೂಳೆಯ ಮಾತ್ರೆ ಬಂದ ಮೇಲೆ ನನಗೆ ಎದ್ದರೆ, ಬಗ್ಗಿದರೆ ನೆಲ ತಿರುಗುತ್ತಿತ್ತು. ಒಮ್ಮೆ ತುಳಸಿಕಟ್ಟೆಯನ್ನು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ. ಸೇತುವೆಯಾಚೆಯ ಡಾಕ್ಟರು ಪುಟ್ಟ ಬಿಳಿ ಮಾತ್ರೆ ಕೊಟ್ಟು, "ಸಾಸಿವೆ ಕಾಳಿನಷ್ಟಿದೆ, ಇದರಿಂದ ಏನು ತೊಂದರೆ" ಎಂದು ನಕ್ಕಿದ್ದರು. ಅತ್ತಿಗೆಯ ಹತ್ತಿರ ಶಕ್ತಿಗೆ ಎಂದೆ. ಅವರು ನೀರು ಕೊಟ್ಟರು. ನನ್ನ ತಲೆಸುತ್ತು ನಿಂತಿತು.

ಕೇರಂ ಗೆದ್ದ ಮೇಲೆ ಅತ್ತಿಗೆಯನ್ನು ಗಮನಿಸತೊಡಗಿದೆ. ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ನಡೆಯುವಾಗ ಕಾಲನ್ನು ಎತ್ತದೆ ತೇಯುತ್ತಿದ್ದರು. ಬೈಯುವಾಗಲೂ ಮುಖದಲ್ಲಿ ಬೈಗುಳ ಕಾಣುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಕೇಳಿದರೆ ವಯಸ್ಸು ಎಂದರು. ಬೋರ್ಡನ್ನು ಗೋಡೆಗೆ ಆನಿಸಿ, ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿಬಿಟ್ಟರು.

ಹಿಟ್ಟಿನ ಗಿರಣಿಯಲ್ಲಿ ತಾರಕ್ಕ ಸಿಕ್ಕರು. ಕೈನೀರಿನ ಮನೆಯ ಅಡುಗೆ ಅವರದು. ಡಬ್ಬ ತೂಕಕ್ಕಿಡುತ್ತ, "ನಿಮ್ಮ ಅತ್ತಿಗೆ ಬಂದು ಕೋಣೆ ನೋಡ್ಕೊಂಡು ಹೋದ್ರಲ್ಲ" ಎಂದರು. "ಮೂಲೆದು ಹಿಡಿಸ್ತಂತೆ. ಗಾಳಿ ಬರುತ್ತೆ. ಯಾರಿಗಮ್ಮಾ ಕೋಣೆ ಅಂದ್ರೆ ನನಗೇ ಅಂದ್ರು. ನಾನು ತಮಾಷೆ ಅಂದ್ಕೊಂಡೆ. ಏನು, ಜಗಳವಾಯ್ತೇ?"

ಬೀಸಿದ ಹಿಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಅತ್ತಿಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಳಿಗಿಂತ ಹೆಚ್ಚಾಗಿ ಸಿಪ್ಪೆಯೇ ಪಾತ್ರೆಗೆ ಬೀಳುತ್ತಿತ್ತು.

"ಮೂಲೆ ಕೋಣೆಗೆ ಗಾಳಿ ಬರುತ್ತಂತೆ" ಎಂದೆ.

ಅವರು ತಲೆ ಎತ್ತಲಿಲ್ಲ. "ಆ ತಾರನ ಬಾಯಲ್ಲಿ ಎಳ್ಳೂ ನೆನೆಯಲ್ಲ."

"ನಾನೇನು ಮಾಡಿದೆ ಅತ್ತಿಗೆ? ಅದನ್ನಾದ್ರೂ ಹೇಳಿ ಹೋಗಿ."

"ನೀನೇನೂ ಮಾಡಿಲ್ಲ ಕಣೆ." ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡರು. "ಸೇತುವೆ ಆಚೆ ತೋರಿಸ್ದೆ. ನಡುಕದ ಕಾಯಿಲೆ ಅಂದ್ರು. ಹೆಚ್ಚಾಗ್ತಾನೇ ಹೋಗುತ್ತಂತೆ. ಅದಕ್ಕೊಂದು ದೊಡ್ಡ ಮಾತ್ರೆ ಇದೆ. ಅದರ ಉಪದ್ರ ಗೊತ್ತಾ? ವಾಂತಿ. ಆಮೇಲೆ ಇಲ್ಲದವರೆಲ್ಲ ಕಣ್ಣೆದುರು ಬಂದು ಕೂತ್ಕೊಳ್ತಾರಂತೆ. ಅದನ್ನ ನಿನಗೆ ಕೊಡ್ಲಾ? ಶುಗರ್, ಬಿಪಿ, ಥೈರಾಯ್ಡ್ ಅಂತ ನೀನೇ ಔಷಧಿ ಅಂಗಡಿಯಾಗಿದೀಯ. ಅಲ್ಲಿ ನನ್ನ ನೀರು ನಾನು ಕುಡೀತೀನಿ. ಬಂದದ್ದು ನನಗೇ ಬರ್ಲಿ."

ಪಾತ್ರೆಯಿಂದ ಸಿಪ್ಪೆ ಆರಿಸಿ ತೆಗೆಯುತ್ತ ಕೂತೆ. ನನಗೆ ನೆನಪಾದದ್ದು ಆ ಮೊದಲ ಲೋಟ. ಈ ಹೆಂಗಸು ನನಗೆ ನೀರು ಕೊಡುವಾಗ ಒಂದು ಕ್ಷಣವೂ ಯೋಚಿಸಿರಲಿಲ್ಲ.

ಮರುದಿನ ನಮ್ಮ ಊರಿನ ಡಾಕ್ಟರ್ ಸಲೀಮಾ ಅವರಲ್ಲಿ ನನ್ನ ಬಿಪಿ ತೋರಿಸುವ ದಿನ. ತೋಳಿಗೆ ಪಟ್ಟಿ ಕಟ್ಟಿ, ನೋಡಿ, ಎಂದಿನಂತೆ ಕೇಳಿದರು: "ಮನೆಯಲ್ಲಿ ಎಲ್ಲ ಕ್ಷೇಮವೇ?"

ನಿಮ್ಮ ಮಾತ್ರೆ ಯಾರಿಗೆ ಏನು ಮಾಡುತ್ತಿದೆ ಎಂದು ನಮ್ಮ ಊರಿನ ಡಾಕ್ಟರು ನೇರವಾಗಿ ಕೇಳುವಂತಿಲ್ಲ, ಅದು ಮರ್ಯಾದೆಯಲ್ಲ. ಅದಕ್ಕೇ ಈ ಪ್ರಶ್ನೆ. ಇದಕ್ಕೆ ಉತ್ತರವೂ ಒಂದೇ. ಕ್ಷೇಮ ಎನ್ನಬೇಕು, ಚೀಟಿ ತೆಗೆದುಕೊಂಡು ಏಳಬೇಕು. ಎಷ್ಟೋ ವರ್ಷ ನಾನು ಅದನ್ನೇ ಹೇಳಿದ್ದೆ.

"ಇಲ್ಲ ಡಾಕ್ಟ್ರೇ" ಎಂದೆ. "ಕ್ಷೇಮ ಇಲ್ಲ."

ಬಾಗಿಲ ಬಳಿ ಸರದಿಯಲ್ಲಿದ್ದ ಹೆಂಗಸೊಬ್ಬರು "ಅಯ್ಯೋ ಶಿವನೇ" ಎಂದದ್ದು ಕೇಳಿಸಿತು. ಡಾಕ್ಟರು ಕನ್ನಡಕ ತೆಗೆದರು. ತಾವೇ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಅತ್ತಿಗೆಯ ನಡುಕದಿಂದ ಹಿಡಿದು ಮೂಲೆ ಕೋಣೆಯವರೆಗೆ ಎಲ್ಲವನ್ನೂ ಹೇಳಿದೆ.

"ಆ ಕುರ್ಚಿಯಲ್ಲಿ ಕೂತು ಈ ಮಾತು ಹೇಳಿದವರು ನೀವೇ ಮೊದಲು" ಎಂದರು. "ದಿನಾ ಕೇಳ್ತೀನಿ, ದಿನಾ ಸುಳ್ಳು ಕೇಳಿಸ್ಕೊಳ್ತೀನಿ. ನಾಳೆ ಅವರನ್ನ ಕರ್ಕೊಂಡು ಬನ್ನಿ. ಇಬ್ಬರ ಮಾತ್ರೆಗಳನ್ನೂ ತನ್ನಿ, ಒಂದೂ ಬಿಡಬೇಡಿ. ಸೇತುವೆ ಆಚೆದೂ. ನಿಮ್ಮಷ್ಟಕ್ಕೆ ನೀವೇ ಯಾವುದನ್ನೂ ನಿಲ್ಲಿಸಬೇಡಿ."

ಮನೆಗೆ ಬಂದು ಹೇಳಿದರೆ ಅತ್ತಿಗೆ ಕೆರಳಿದರು. ಮುಖ ಕೆರಳಲಿಲ್ಲ, ದನಿ ಮಾತ್ರ. "ನಿನ್ನ ಡಾಕ್ಟರ ಮುಂದೆ ಕೂತು ನಿನ್ನ ಮೇಲೆ ಚಾಡಿ ಹೇಳ್ಲಾ? ಅಷ್ಟು ಕೆಟ್ಟುಹೋಗಿಲ್ಲ ನಾನು."

"ಚಾಡಿ ಅಂತಲೇ ಇಟ್ಕೊಳ್ಳಿ. ನಿಮ್ಮ ಮೇಲೆ ನಾನೂ ಹೇಳೋದಿದೆ."

"ನನ್ನ ಮೇಲಾ? ಏನಿದೆ ನನ್ನ ಮೇಲೆ?"

ಇಂಥ ಮಾತನ್ನು ಆಡಿ ಮನೆ ಒಡೆದುಕೊಂಡವರನ್ನು ನೋಡಿದ್ದೆ. ಆದರೂ ಹೇಳಿದೆ. "ತಲೆಸುತ್ತು. ನಿಮಗೆ ಆ ಮೂಳೆ ಮಾತ್ರೆ ಬಂದಾಗಿಂದ. ತುಳಸಿಕಟ್ಟೆ ಹತ್ರ ಬೀಳೋದ್ರಲ್ಲಿದ್ದೆ."

ಅತ್ತಿಗೆ ಗೋಡೆ ಹಿಡಿದು ಕೂತರು. "ಅದು ಮೂಳೆದಲ್ಲ ಕಣೆ" ಎಂದರು. "ಕಾಲು ಊತಕ್ಕೆ. ಮೈನೀರು ಇಳಿಸೋ ಮಾತ್ರೆ."

"ಕಾಲು ಊತಾನಾ? ಯಾವಾಗಿಂದ?"

ಅವರು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡರು. ಆಗ ನನಗೆ ಹೊಳೆಯಿತು. ನನ್ನ ಬಿಪಿ ಮಾತ್ರೆ ಶುರುವಾದ ಮೇಲೆಯೇ ಅವರು ಸೀರೆಯನ್ನು ನೆಲ ಗುಡಿಸುವಂತೆ ಉಡತೊಡಗಿದ್ದರು. ಹೊಸ ಠೀವಿ ಎಂದು ನಾನು ಮನಸ್ಸಿನಲ್ಲೇ ಆಡಿಕೊಂಡಿದ್ದೆ.

"ಮತ್ತೆ ನಿನ್ನ ಆ ಶಕ್ತಿ ಮಾತ್ರೆ?" ಎಂದರು ಅತ್ತಿಗೆ.

"ತಲೆಸುತ್ತಿಂದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅತ್ತಿಗೆ, "ಥೂ, ಇಬ್ಬರೂ ಸುಳ್ಳಿಯರು" ಎಂದರು. ಆಮೇಲೆ, "ನಾಳೆ ಎಷ್ಟು ಹೊತ್ತಿಗೆ?" ಎಂದರು.

ಡಾಕ್ಟರ್ ಸಲೀಮಾ ತಮ್ಮ ಮೇಜಿನ ಮೇಲಿದ್ದುದನ್ನೆಲ್ಲ ಪಕ್ಕಕ್ಕೆ ಸರಿಸಿ ನಮ್ಮ ಚೀಲದಲ್ಲಿದ್ದ ಮಾತ್ರೆಗಳನ್ನು ಗಾಜಿನ ಮೇಲೆ ಹರಡಿದರು. ಬಿಳಿ, ಹಳದಿ, ತಿಳಿಗುಲಾಬಿ. ನಡುವೆ ಒಂದೇ ಬಗೆಯದು ಕೆಂಪು, ಅತ್ತಿಗೆಯ ಮಂಡಿನೋವಿನದು. ಅತ್ತಿಗೆಗೆ ತಡೆಯಲಾಗಲಿಲ್ಲ. "ಕೆಂಪನ್ನ ಯಾರು ಹಾಕ್ತೀರಿ?" ಎಂದರು.

"ಕೆಂಪಿನಿಂದಲೇ ಶುರು ಮಾಡೋಣ" ಎಂದು ಡಾಕ್ಟರು ಅದನ್ನು ಬೆರಳಿನಿಂದ ಮುಂದೆ ನೂಕಿದರು. "ಇದು ಮಂಡಿಗೆ. ನೀರು ಕೊಟ್ಟವರು ವಾರಿಜಾ. ಇದು ಕೆಲವರ ಎದೆ ಉರಿಸುತ್ತೆ, ಬಿಪಿನೂ ಏರಿಸುತ್ತೆ. ವಾರಿಜಾ ಬಿಪಿ ಏರಿತು. ನಾನು ಈ ಹಳದಿದು ಕೊಟ್ಟೆ. ಅದಕ್ಕೆ ನೀರು ಕೊಟ್ಟವರು ನೀವು, ನಿಮ್ಮ ಪಾದ ಊದಿತು. ಊತಕ್ಕೆ ನೀವು ಆಚೆಯಿಂದ ಇದನ್ನ ತಂದ್ರಿ. ಇವರಿಗೆ ತಲೆ ಸುತ್ತಿತು. ತಲೆಸುತ್ತಿಗೆ ಇವರು ಈ ಪುಟ್ಟದ್ದನ್ನ ತಂದ್ರು." ಬಿಳಿಯ ಮಾತ್ರೆಯ ಮೇಲೆ ಅವರ ಬೆರಳು ನಿಂತಿತು. "ಬಹಳ ದಿನ ತಗೊಂಡ್ರೆ ಇದು ಕೈ ನಡುಗಿಸುತ್ತೆ. ಕಾಲು ಎಳೆಯೋ ಹಾಗೆ ಮಾಡುತ್ತೆ. ಮುಖವನ್ನ ಮರ ಮಾಡುತ್ತೆ."

ಅತ್ತಿಗೆ ಸಣ್ಣ ದನಿಯಲ್ಲಿ, "ಹಾಗಾದ್ರೆ ನಡುಕದ ಕಾಯಿಲೆ ಅಂದ್ರಲ್ಲ?" ಎಂದರು.

"ಇದ್ದರೂ ಇರಬಹುದು. ಈ ಬಿಳಿಯದನ್ನ ಬಿಡಿಸಿ ನೋಡದೆ ಹೇಳಲಾರೆ. ಇಳಿಯೋದಾದ್ರೆ ನಿಧಾನವಾಗಿ ಇಳಿಯುತ್ತೆ. ದೊಡ್ಡ ಮಾತ್ರೆ ಈಗ ಬೇಡ. ಎಲ್ಲಾನೂ ಒಟ್ಟಿಗೆ ಕಿತ್ತುಹಾಕೋಕ್ಕೂ ಆಗಲ್ಲ. ಒಂದೊಂದಾಗಿ ಬಿಡೋಣ, ಒಂದೊಂದಾಗಿ ಬದಲಿಸೋಣ. ಥೈರಾಯ್ಡ್, ಶುಗರ್ ಮಾತ್ರೆ ಬಿಡೋ ಹಾಗಿಲ್ಲ." ಆಮೇಲೆ ಸ್ವಲ್ಪ ಅಂಜುತ್ತಲೇ ಹೇಳಿದರು. "ಇನ್ನೊಂದು ಮಾತು. ನಾನು ಹೇಳೋವರೆಗೆ ಅವರವರ ನೀರು ಅವರವರೇ ತಗೋಬೇಕು. ಯಾವುದು ಯಾರದು ಅಂತ ನನಗೆ ಕಾಣಬೇಕಲ್ಲ."

ಅತ್ತಿಗೆ ಎದ್ದು ನಿಂತರು. "ಒಂದೇ ಮನೇಲಿ ಇದ್ಕೊಂಡು ಕೈನೀರಾ? ಬೀದಿಯವರು ಏನಂದ್ಕೊಳ್ತಾರೆ?"

"ನೀವು ಮೂಲೆ ಕೋಣೆಗೆ ಹೋಗಿದ್ರೆ ಏನಂದ್ಕೊಳ್ತಿದ್ರೋ ಅದನ್ನೇ" ಎಂದೆ. ಅವರು ಮತ್ತೆ ಕೂತರು.

ಮರುದಿನ ಬೆಳಿಗ್ಗೆ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೆನ್ನು ತಿರುಗಿಸಿಕೊಂಡು ನಮ್ಮ ನಮ್ಮ ಲೋಟಕ್ಕೆ ನೀರು ಬಗ್ಗಿಸಿಕೊಂಡೆವು. ಕಳ್ಳತನ ಮಾಡಿದಂತಿತ್ತು. ಅತ್ತಿಗೆಯ ಕೈ ನಡುಗಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ನಾನು ಸಹಾಯಕ್ಕೆ ಹೋಗುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆಯವರು ಒಂದು ಬಟ್ಟಲು ಪಾಯಸದ ನೆಪ ಮಾಡಿಕೊಂಡು ಬಂದು, "ಪಾಲು ಯಾವಾಗ?" ಎಂದೇ ಕೇಳಿದರು. ಅತ್ತಿಗೆ, "ಪಾಲಾದ ಮೇಲೆ ಕೇರಂ ಬೋರ್ಡ್ ನಿಮಗೇ ಕೊಡ್ತೀವಿ" ಎಂದು ಕಳಿಸಿದರು.

ಆ ವಾರ ನನ್ನ ಹೊಟ್ಟೆ ನನಗೇ ಸಿಕ್ಕಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಹೊಟ್ಟೆಯೊಳಗೆ ಗಾಡಿ ಓಡಿದ ಹಾಗೆ ಗುಡುಗುಡು. ಬಚ್ಚಲಿನಿಂದ ಹೊರಗೆ ಬಂದರೆ ಮತ್ತೆ ಒಳಗೆ. ನನ್ನ ಶುಗರ್ ಮಾತ್ರೆ ಇಷ್ಟು ಕಾಲ ಅತ್ತಿಗೆಯ ಹೊಟ್ಟೆಯಲ್ಲಿ ಮಾಡುತ್ತಿದ್ದುದು ಇದನ್ನೇ. ಬಾಗಿಲಿಗೆ ಒರಗಿ ಬೆವರೊರೆಸಿಕೊಳ್ಳುತ್ತಿರುವಾಗ ನನ್ನ ತಂಗಿಯ ಮದುವೆ ನೆನಪಿಗೆ ಬಂತು. ಅತ್ತಿಗೆ ಅಲ್ಲಿ ಒಂದು ತುತ್ತೂ ತಿನ್ನದೆ ಎದ್ದು ಬಂದಿದ್ದರು. ನಮ್ಮ ತವರಿನ ಅಡುಗೆ ಇವರಿಗೆ ಆಗದು, ನಾವು ಇವರ ಸಮಕ್ಕಲ್ಲ ಎಂದು ನಾನು ಎಷ್ಟೋ ದಿನ ಒಳಗೊಳಗೇ ಕುದ್ದಿದ್ದೆ. ಯಾತ್ರೆಗೆ ಕರೆದರೆ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹೇಗೆ ಬಂದಾರು? ತಮ್ಮ ಹಸಿವಿಗೆ ನನ್ನ ಮಾತ್ರೆ ಅಡ್ಡ ಕೂತಿದೆಯೆಂದು ಒಮ್ಮೆ ಹೇಳಿದ್ದರೆ ಆಗುತ್ತಿತ್ತು. ಹೇಳುವುದನ್ನು ನಾವು ಯಾರೂ ಕಲಿತಿರಲಿಲ್ಲ.

"ಹೇಗಿದೆ?" ಎಂದರು ಅತ್ತಿಗೆ ಬಚ್ಚಲ ಹೊರಗಿನಿಂದ. ದನಿಯಲ್ಲಿ ತುಸು ತಮಾಷೆಯಿತ್ತು.

"ಇದನ್ನ ಹೇಗೆ ತಡ್ಕೊಂಡ್ರಿ ಅತ್ತಿಗೆ?"

"ಮೆಂತ್ಯ ಮಜ್ಜಿಗೆ. ಮಾಡಿಟ್ಟಿದೀನಿ, ಬಾ. ಅದಕ್ಕೇನು ಡಾಕ್ಟರ ಅಪ್ಪಣೆ ಬೇಡ."

ಅವರಿಗೂ ಅವರದು ಸಿಕ್ಕಿತ್ತು. ಕೆಂಪು ಮಾತ್ರೆ ನಿಲ್ಲುವ ಮೊದಲಿನ ಒಂದೆರಡು ದಿನ ಎದೆ ಹಿಡಿದುಕೊಂಡು, "ಇದೇನೇ, ಒಳಗೆ ಮೆಣಸಿನಕಾಯಿ ಅರೆದ ಹಾಗಿದೆ. ಅದಕ್ಕೇ ನೀನು ಸಾರಿಗೆ ಖಾರ ಹಾಕೋದು ಬಿಟ್ಟಿದ್ದಾ? ನಾನು ಜಿಪುಣಿ ಅಂದ್ಕೊಂಡಿದ್ದೆ" ಎಂದರು. ಹೀಗೆ ಒಬ್ಬರ ಬಗ್ಗೆ ಒಬ್ಬರು ಕಟ್ಟಿಕೊಂಡಿದ್ದ ಎಷ್ಟೋ ಅನುಮಾನಗಳು ಒಂದೊಂದಾಗಿ ಮಾತ್ರೆಯ ಲೆಕ್ಕಕ್ಕೆ ಜಮೆಯಾದವು. ಎಲ್ಲವೂ ಆಗಲಿಲ್ಲ. ಕೆಲವು ನಿಜವಾದ ಸ್ವಭಾವವೇ ಆಗಿದ್ದವು. ಅವನ್ನು ಹಾಗೇ ಬಿಟ್ಟೆವು.

ಡಾಕ್ಟರ್ ಸಲೀಮಾ ಆತುರಪಡಲಿಲ್ಲ. ಅತ್ತಿಗೆಯ ಮಂಡಿಗೆ ಸಾಧಾರಣ ನೋವಿನ ಮಾತ್ರೆ, ಬಿಸಿ ಉಪ್ಪಿನ ಕಾವು, ಕುರ್ಚಿಯಲ್ಲಿ ಕೂತು ಕಾಲು ಚಾಚುವ ವ್ಯಾಯಾಮ. ನನ್ನ ಬಿಪಿ ಇಳಿಯುತ್ತ ಬಂದು ಹಳದಿ ಮಾತ್ರೆ ಅರ್ಧವಾಯಿತು. ಊತ ಹೋದದ್ದರಿಂದ ನೀರಿಳಿಸುವ ಮಾತ್ರೆ ಬಿಟ್ಟುಹೋಯಿತು. ಅದು ಹೋದ ಮೇಲೆ ಬಿಳಿಯದನ್ನು ಬಿಟ್ಟರೂ ನನ್ನ ತಲೆ ಸುತ್ತಲಿಲ್ಲ. ಶುಗರ್ ಮಾತ್ರೆಯನ್ನು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಬಗೆಗೆ ಬದಲಿಸಿದರು. ಗುಡುಗು ನಿಂತಿತು. ಇಬ್ಬರ ಮಾತ್ರೆಗಳೂ ಒಂದೇ ಡಬ್ಬದಲ್ಲಿ ಹಿಡಿಸುವಷ್ಟಾದವು.

ನಡುಕ ಮಾತ್ರ ಹಾಗೇ ಇತ್ತು. ದಿನವೂ ಬೆಳಿಗ್ಗೆ ನಾನು ಮೊದಲು ನೋಡುತ್ತಿದ್ದುದು ಅತ್ತಿಗೆಯ ಕೈಯಲ್ಲಿನ ಕಾಫಿ ಲೋಟವನ್ನು. ಎರಡೂ ಕೈಯಲ್ಲೇ ಹಿಡಿದಿರುತ್ತಿದ್ದರು. ನಾನು ನೋಡುವುದನ್ನು ಕಂಡರೆ, "ಕಣ್ಣು ಹಾಕ್ಬೇಡ" ಎನ್ನುವರು. ತಾರಕ್ಕ ಮೂಲೆ ಕೋಣೆಯನ್ನು ಬೇರೆಯವರಿಗೆ ಕೊಡಲೇ ಎಂದು ಕೇಳಿ ಕಳಿಸಿದರು. ಅತ್ತಿಗೆ ಇನ್ನೂ ಸ್ವಲ್ಪ ದಿನ ಇರಲಿ ಎಂದರು. ಅಂದು ನನಗೆ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಿಂದ, "ಈ ಒಲೆ ಹೀಗೆ ಯಾರು ಬಿಟ್ಟಿದ್ದು, ಹಾಲೆಲ್ಲ ಉಕ್ಕಿಹೋಯ್ತು, ಕಣ್ಣು ಎಲ್ಲಿಟ್ಟಿದ್ದೆ?" ಎಂದು ಕೂಗಿದರು. ಓಡಿಹೋದೆ. ಅತ್ತಿಗೆಯ ಹುಬ್ಬುಗಳು ಗಂಟಿಕ್ಕಿದ್ದವು, ಮೂಗು ಕೆಂಪಾಗಿತ್ತು, ಕೆಳತುಟಿ ಮುಂದಕ್ಕೆ ಬಂದಿತ್ತು. ಬೈಗುಳ ಮುಖಕ್ಕೆ ಮರಳಿ ಬಂದಿತ್ತು. ನಾನು ಹಾಲಿನ ಪಾತ್ರೆಯನ್ನು ಮರೆತು ಅವರ ಮುಖವನ್ನೇ ನೋಡುತ್ತ ನಿಂತೆ. "ಏನು ಹಾಗೆ ಗುಮ್ಮನ ಹಾಗೆ ನೋಡ್ತೀಯ?" ಎಂದರು. ನಾನು ನೆಲ ಒರೆಸಿದೆ. ಅಳು ಬಂದದ್ದನ್ನು ಒರೆಸುವ ಬಟ್ಟೆಗೇ ಕೊಟ್ಟೆ.

ಆಮೇಲೆ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಪೌಡರಿನ ವಾಸನೆ ಬಂತು. ಜಗಲಿಗೆ ಬಂದು ನೋಡಿದರೆ ಬೆಡ್‌ಶೀಟ್ ಕೆಳಗೆ ಬಿದ್ದಿತ್ತು. ಅತ್ತಿಗೆ ಕಾಯಿಗಳನ್ನು ಜೋಡಿಸಿ ಕೂತಿದ್ದರು. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಎದುರು ಕೂತೆ. ಆಟ ಶುರುವಾಯಿತು. ನಾನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟರೆ ಅವರಿಗೆ ಗೊತ್ತಾಗುತ್ತದೆ. ಕೊನೆಗೆ ಅವರ ಒಂದೇ ಕಾಯಿ ಮತ್ತು ಕೆಂಪು ಉಳಿದವು. ಕೆಂಪು ಈ ಸಲ ಗುಳಿಯ ಬಾಯಲ್ಲಿರಲಿಲ್ಲ. ನನ್ನ ಪಟ್ಟಿಗೆ ಅಂಟಿಕೊಂಡಿತ್ತು. ಆ ಕಡೆ ಬಡಿದು ಈ ಕಡೆಗೆ ಬಂದು ಬೀಳಬೇಕು.

ಅತ್ತಿಗೆ ಬೆರಳು ಮಡಚಿದರು. ಬೆರಳು ಸಣ್ಣಗೆ ನಡುಗಿತು. ಅವರು ಕಾದರು. ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಬೆರಳು ನಿಂತಿತು. ಸ್ಟ್ರೈಕರ್ ಹೋಗಿ ಪಟ್ಟಿಗೆ ಬಡಿದು ವಾಪಸಾಗಿ ಕೆಂಪನ್ನು ಸವರಿತು. ಕೆಂಪು ಯಾವ ಆತುರವೂ ಇಲ್ಲದೆ ಇಡೀ ಬೋರ್ಡನ್ನು ದಾಟಿ ಅವರ ಬಲಗುಳಿಗೆ ಇಳಿಯಿತು. ಹಿಂದೆಯೇ ಇನ್ನೊಂದು ಕಾಯಿ. ಆಟ ಮುಗಿಯಿತು.

ಅತ್ತಿಗೆ ಕೈ ಕೊಡವಿದರು. ಪೌಡರ್ ಹೊಗೆಯಂತೆ ಎದ್ದಿತು. ನನ್ನನ್ನು ನೋಡಿ ಹುಬ್ಬೇರಿಸಿದರು. "ಸೋತು ಹಲ್ಲು ಕಿಸೀತಿದೀಯಲ್ಲ, ಇದ್ಯಾವ ಮಾತ್ರೆದು?"

ನಾನು ಕಾಯಿಗಳನ್ನು ಒಟ್ಟುಗೂಡಿಸುತ್ತಿದ್ದೆ. ನಗು ನಿಲ್ಲುತ್ತಿರಲಿಲ್ಲ.

"ನಾಳೆ ತಾರನಿಗೆ ಹೇಳಿಬಿಡು, ಕೋಣೆ ಬೇಡ ಅಂತ" ಎಂದರು ಅತ್ತಿಗೆ. "ಈಗ ಹಾಕು, ಇನ್ನೊಂದು ಆಟ."